ಈರಣ್ಣ ಓದಿ ಹೇಳದ ಸಾಲು

ಭೀಮವ್ವನ ಹೊಟ್ಟೆಯೊಳಗೆ ಏನು ನಡೆದಿದೆ ಎಂಬುದು ಭೀಮವ್ವನಿಗಿಂತ ಅವಳ ತಮ್ಮ ಈರಣ್ಣನಿಗೆ ಹೆಚ್ಚು ಗೊತ್ತಿತ್ತು. ಹಾಗೆಂದು ಈರಣ್ಣ ತಾನೂ ನಂಬಿದ್ದ, ಓಣಿಯನ್ನೂ ನಂಬಿಸಿದ್ದ. ಡಾಕ್ಟರು ಭೀಮವ್ವನ ಕಡೆ ತಿರುಗಿ, ದಿನಕ್ಕೆ ಎಷ್ಟು ಸಲ ಸಂಡಾಸಕ್ಕೆ ಹೋಗುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರೆ, ಅವಳು ಬಾಯಿ ತೆರೆಯುವುದರೊಳಗೆ ಇವನು "ಎರಡು ಸಲ" ಎಂದುಬಿಡುತ್ತಿದ್ದ. ಬಾಗಿಲ ಹೊರಗೆ ಕಾವಲು ನಿಂತು ಲೆಕ್ಕ ಇಟ್ಟವನ ಹಾಗೆ. ಬಣ್ಣ? ಸರಿ ಇದೆ. ನೋವು? ಗ್ಯಾಸಿನದು. ತಲೆ ತಿರುಗುವುದು? ವಯಸ್ಸಿನದು. ಭೀಮವ್ವ ಅಷ್ಟು ಹೊತ್ತೂ ಗೋಡೆಯ ಮೇಲೆ ತೂಗುಹಾಕಿದ ಕರುಳಿನ ಚಿತ್ರವನ್ನು ನೋಡುತ್ತ ಕೂತಿರುತ್ತಿದ್ದಳು. ಕಾಯಿಲೆ ಬಂದದ್ದು ಆ ಚಿತ್ರಕ್ಕೋ ತನಗೋ ಎಂದು ಅವಳಿಗೇ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು.

ಬಿಬವೇವಾಡಿಯ ಮಾರ್ಕೆಟ್ಟಿನಲ್ಲಿ ಈರಣ್ಣನದು ಅರಿವೆ ಅಂಗಡಿ. ಬೈಲಹೊಂಗಲದ ಕಡೆಯಿಂದ ಬಂದು ಪುಣೆಯಲ್ಲಿ ಊರಿ ನಿಂತವನು, ಕಷ್ಟಪಟ್ಟು ಮೇಲೆ ಬಂದವನು, ಅದನ್ನು ದಿನಕ್ಕೆರಡು ಸಲ ಹೇಳಿಕೊಳ್ಳದಿದ್ದರೆ ಉಂಡದ್ದು ಅರಗದವನು. ಭೀಮವ್ವ ಅವನಿಗಿಂತ ಆರು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಅಂಗಡಿಯಿಂದ ಎರಡು ಗಲ್ಲಿ ಆಚೆ ಒಂದು ಖೋಲಿ ಹಿಡಿದು, ಕಾಲಿನಿಂದ ತುಳಿಯುವ ಮಷೀನು ಇಟ್ಟುಕೊಂಡು, ಸೀರೆಯ ಒಳಗೆ ಉಡುವ ಪರಕಾರ ಹೊಲಿಯುತ್ತಿದ್ದಳು. ಆ ಭಾಗದ ಹೆಂಗಸರು ಸೀರೆಯನ್ನು ಎಲ್ಲಿಂದಾದರೂ ತಂದಾರು, ಪರಕಾರ ಮಾತ್ರ ಭೀಮವ್ವನ ಕೈಯದೇ ಆಗಬೇಕು. ಅವಳು ಹೊಲಿದದ್ದು ಹರಿಯುತ್ತಿರಲಿಲ್ಲ, ಅವಳ ನಾಲಿಗೆಗೆ ಸಿಕ್ಕಿದವರು ಉಳಿಯುತ್ತಿರಲಿಲ್ಲ.

ಈರಣ್ಣನಲ್ಲಿ ಒಂದು ಗುಣ ಮಾತ್ರ ಅವಳಿಗೂ ಮೆಚ್ಚಿಗೆಯಾದದ್ದು. ಇಚಲಕರಂಜಿಯಿಂದ ಮಾಲು ಬಂದರೆ ಅವನು ಬಟ್ಟೆಯ ಒಂದೊಂದು ಥಾನನ್ನೂ ಕೊನೆಯವರೆಗೆ ಬಿಚ್ಚಿಸುತ್ತಿದ್ದ. ತಂದವನು ಗೊಣಗಲಿ, ಟೆಂಪೋದವನು ಹಾರ್ನ್ ಬಾರಿಸಲಿ, ಇವನು ಅಂಗಡಿಯ ಹೊಸ್ತಿಲಲ್ಲಿ ಕೂತು ಕೊನೆಯ ಗೇಣು ಬಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿಯೇ ಸಹಿ ಹಾಕುವವನು. "ಮ್ಯಾಲಿನ ನಾಕು ಗಜ ಎಲ್ಲಾರೂ ಚಂದ ಇಟ್ಟಿರ್ತಾರ. ಮೋಸ ಏನಿದ್ರೂ ಒಳಗ ಇರ್ತದ," ಎನ್ನುತ್ತಿದ್ದ. ಈ ಮಾತನ್ನು ಭೀಮವ್ವ ಇಪ್ಪತ್ತು ವರ್ಷ ಕೇಳಿದ್ದಳು.

ಎರಡು ಸಾವಿರದ ಏಳರ ನವೆಂಬರಿನಲ್ಲಿ ಅವಳ ರಕ್ತ ಕಡಿಮೆಯಾಗಿದೆ ಎಂದು ಗೊತ್ತಾಯಿತು. ಎಲ್ಲಿಂದಲೋ ಸೋರುತ್ತಿದೆ, ದೊಡ್ಡ ಕರುಳಿನೊಳಗೆ ದುರ್ಬೀನು, ಅಂದರೆ ತುದಿಗೆ ಕ್ಯಾಮೆರಾ ಇರುವ ಕೊಳವೆ, ಹಾಕಿ ನೋಡಬೇಕು ಎಂದರು ಓಣಿಯ ಡಾಕ್ಟರು. ಈರಣ್ಣ ತನಗೆ ಪರಿಚಯದ ಒಂದು ಸಣ್ಣ ಆಸ್ಪತ್ರೆಗೆ ಕರೆದೊಯ್ದ. "ಏನೂ ಆಗೂದಿಲ್ಲ ಅಕ್ಕಾ, ಬರೇ ಒಂದು ನಳಿಗಿ," ಎಂದ. ಆ ನಳಿಗೆ ಅವನ ಹೊಟ್ಟೆಗೆ ಹೋಗುವುದಿರಲಿಲ್ಲವಲ್ಲ, ಹೇಳುವುದಕ್ಕೇನು. ಹಿಂದೆ ಎರಡು ಸಲ ಭೀಮವ್ವನ ಹೊಟ್ಟೆ ಕೊಯ್ದಿದ್ದರು, ಒಮ್ಮೆ ಗರ್ಭಚೀಲಕ್ಕೆ, ಒಮ್ಮೆ ಹರ್ನಿಯಾಕ್ಕೆ. ಕೊಳವೆ ಎಡಗಡೆಗೆ ಬಂದು ಒಂದು ಕಡೆ ನಿಂತೇಬಿಟ್ಟಿತು. ಆ ಡಾಕ್ಟರು ನೂಕಿದರು, ತಿರುಗಿಸಿದರು, ಹೊಟ್ಟೆ ಒತ್ತಿಸಿದರು. ಭೀಮವ್ವ ಹಲ್ಲು ಕಚ್ಚಿಕೊಂಡು ಮುಕ್ಕಾಲು ತಾಸು ತಡೆದಳು, ಆಮೇಲೆ ಅವರ ಏಳು ತಲೆಮಾರನ್ನು ಕನ್ನಡದಲ್ಲಿ ನೆನೆಸಿದಳು. ಕೊಳವೆ ಹೊರಗೆ ಬಂತು.

ಸಂಜೆ ಈರಣ್ಣ ಪೇಢೆಯ ಡಬ್ಬಿ ಹಿಡಿದುಕೊಂಡೇ ಅವಳ ಖೋಲಿಗೆ ಬಂದ. ಜೊತೆಗೆ ಹೆಂಡತಿ ಸಾವಂತ್ರವ್ವ, ಮಗಳು ಸ್ನೇಹಲ್. ಇಂಗ್ಲಿಷಿನಲ್ಲಿದ್ದ ವರದಿಯನ್ನು ತೋಳಿನುದ್ದಕ್ಕೆ ಹಿಡಿದು ಓದಿದ: "ನಾರ್ಮಲ್. ನಾರ್ಮಲ್. ಇದೂ ನಾರ್ಮಲ್. ಐದು ಕಡೆ ನಾರ್ಮಲ್ ಅಂತ ಬರದಾರ ನೋಡು!" ಬಿಬವೇವಾಡಿಯಲ್ಲಿ ಒಬ್ಬರ ಹೊಟ್ಟೆ ಇಷ್ಟು ನಾರ್ಮಲ್ ಆಗಿದ್ದದ್ದು ಇತಿಹಾಸದಲ್ಲೇ ಮೊದಲು ಎಂಬ ಗತ್ತು. "ಅದು ಎಡಕ ಬಂದು ನಿಂತಿತ್ತೋ. ಮುಂದ ಹೋಗಲೇ ಇಲ್ಲ," ಎಂದಳು ಭೀಮವ್ವ. "ಒಳಗಿಂದು ನಿನಗೇನ್ ಗೊತ್ತಾಗ್ತದ? ಡಾಕ್ಟರ್ ಅವರೋ ನೀನೋ?" ಎಂದು ಈರಣ್ಣ ಕಾಗದವನ್ನು ಮಡಚಿದ. ತನ್ನ ಮನೆಗೆ ಒಯ್ದು ದೇವರ ಜಗಲಿಯ ಮೇಲೆ ಇಟ್ಟ, ವಿಭೂತಿ ಹಚ್ಚಿದ, ಮೇಲೊಂದು ದಾಸವಾಳ ಏರಿಸಿದ. ಅವರ ಮನೆಯಲ್ಲಿ ಜಗಲಿ ಏರಿದ ಕಾಗದವನ್ನು ಯಾರೂ ಮತ್ತೆ ಬಿಚ್ಚಿ ಓದುವ ಪದ್ಧತಿ ಇಲ್ಲ, ಜಾತಕವಿರಲಿ, ಜಮೀನಿನ ಪತ್ರವಿರಲಿ.

ಆಗ ಸ್ನೇಹಲಳ ಮದುವೆಯ ಮಾತು ನಡೆದಿತ್ತು. ಗಂಡಿನ ತಂದೆ ಬಸವಲಿಂಗಪ್ಪ, ಬೆಳಗಾವಿ ಕಡೆಯವರು, ಚಿಂಚವಡದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಹೆಣ್ಣಿನ ಬಣ್ಣ, ಓದು, ಅಡಿಗೆ ಎಲ್ಲ ವಿಚಾರಿಸಿದ ಮೇಲೆ ಅವರು ಮೆಲ್ಲಗೆ ಇನ್ನೊಂದು ಮಾತನ್ನೂ ಕೇಳಿದ್ದರು: ಮನೆತನದಲ್ಲಿ ಯಾರಿಗಾದರೂ ಎಂಥದಾದರೂ ಕಾಯಿಲೆ? ಈರಣ್ಣ ಎದೆ ತಟ್ಟಿ ಇಲ್ಲವೆಂದಿದ್ದ. ಫೆಬ್ರವರಿಯಲ್ಲಿ ಮದುವೆ ಆಯಿತು. ಸೋದರ ಸೊಸೆಗೆಂದು ಭೀಮವ್ವ ಹನ್ನೆರಡು ಪರಕಾರ ಹೊಲಿದಳು. ಪ್ರತಿ ಪರಕಾರಕ್ಕೂ ನಡುವೆ ಎರಡು ಸಲ ಮಷೀನು ಬಿಟ್ಟೆದ್ದು ಮಲಗುತ್ತಿದ್ದಳು.

ಮದುವೆಯಾಗಿಯೂ ವರ್ಷವಾಗುತ್ತ ಬಂತು. ಭೀಮವ್ವನ ಮುಖ ತೊಳೆದ ಖಾದಿಯ ಹಾಗೆ ಬಿಳಿಚಿಕೊಂಡಿತು. ಈರಣ್ಣ ಬೀಟ್‌ರೂಟ್ ತಿನ್ನು ಎಂದ, ಖರ್ಜೂರ ತಿನ್ನು ಎಂದ, ಪಾಲಕ ತಿನ್ನು ಎಂದ. ಮತ್ತೆ ಡಾಕ್ಟರ ಹತ್ತಿರ ಹೋಗೋಣ ಎಂದು ಮಾತ್ರ ಅನ್ನಲಿಲ್ಲ. ಸಾವಂತ್ರವ್ವ ನೆರೆಯವರ ಮುಂದೆ, "ಎಲ್ಲಾ ನಾರ್ಮಲ್ ಅಂದಮ್ಯಾಲೂ ಅಕ್ಕಾರು ನರಳೂದು ಬಿಡವಲ್ರು," ಎಂದದ್ದು ಭೀಮವ್ವನ ಕಿವಿಗೂ ಬಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಅದೇ. ಬೇರೆಯವರ ಬೂಟಾಟಿಕೆಯನ್ನು ಹರದಾರಿ ದೂರದಿಂದ ಹಿಡಿಯುವ ಹೆಂಗಸು, ತಾನೇ ಸೋಗು ಹಾಕುತ್ತಿದ್ದೇನೇನೋ ಎಂದು ನಾಚಿಕೆಪಡತೊಡಗಿದಳು. ಮೆಟ್ಟಿಲು ಹತ್ತಿ ದಮ್ಮು ಬಂದರೆ ಯಾರಿಗೂ ಕಾಣದ ಹಾಗೆ ಮೂಲೆಯಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿದ್ದಳು.

ಎರಡು ಸಾವಿರದ ಒಂಬತ್ತರ ಸಂಕ್ರಾಂತಿಯ ಮರುದಿನ ಅವಳು ಮಷೀನಿನ ಮೇಲೆಯೇ ಬಿದ್ದಳು. ಹಬ್ಬಕ್ಕೆ ತವರಿಗೆ ಬಂದಿದ್ದ ಸ್ನೇಹಲ್ ಎಳ್ಳು ಬೆಲ್ಲ ಕೊಡಲು ಹೋದವಳು ಕಂಡು ಕೂಗಿಕೊಂಡಳು. ಈ ಸಲ ಈರಣ್ಣನ ಪರಿಚಯದ ಆಸ್ಪತ್ರೆ ನಡೆಯಲಿಲ್ಲ. ಸ್ವಾರಗೇಟಿನ ಆಚೆಯ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿ ಎರಡು ಬಾಟಲಿ ರಕ್ತ ಕೊಟ್ಟರು. ಅಲ್ಲಿ ಹೊಟ್ಟೆಯ ಡಾಕ್ಟರು ನೀರಜಾ, ಮೂವತ್ತೈದರ ಆಸುಪಾಸಿನ ಮರಾಠಿ ಹೆಣ್ಣುಮಗಳು. ಹಾಸಿಗೆಯ ಹತ್ತಿರ ಬಂದು, ಹಿಂದೆ ಒಮ್ಮೆ ದುರ್ಬೀನು ಹಾಕಿದ್ದರಂತಲ್ಲ, ಅದರ ವರದಿ ಎಲ್ಲಿದೆ ಎಂದು ಕೇಳಿದಳು.

"ಅದು ಕಳೆದುಹೋಗಿದೆ ಮ್ಯಾಡಮ್," ಎಂದ ಈರಣ್ಣ ಮರಾಠಿಯಲ್ಲಿ.

"ಕಳದಿಲ್ಲ. ದೇವರ ಜಗಲಿ ಮ್ಯಾಲ ಅದ," ಎಂದಳು ಭೀಮವ್ವ ಮಲಗಿದಲ್ಲಿಂದಲೇ. ಈರಣ್ಣ ಏನೋ ಹೇಳಹೊರಟ, ಅಷ್ಟರಲ್ಲಿ ಸ್ನೇಹಲ್ ಅದನ್ನು ತರಲು ಗಂಡನ ಸ್ಕೂಟರಿನಲ್ಲಿ ಹೊರಟುಹೋಗಿದ್ದಳು.

ಮಧ್ಯಾಹ್ನ ನೀರಜಾ ಆ ಕಾಗದವನ್ನು ಬಿಚ್ಚಿದಳು. ವಿಭೂತಿ ಉದುರಿ ಅವಳ ಬಿಳಿ ಕೋಟಿನ ಮೇಲೆ ಬಿತ್ತು. ಒಣಗಿದ ದಾಸವಾಳದ ಎಸಳನ್ನು ಉಗುರಿನಿಂದ ಕಿತ್ತು, ಪೂರ್ತಿ ಓದಿ, ಹುಬ್ಬು ಗಂಟಿಕ್ಕಿದಳು. "ಇದನ್ನು ನಿಮಗೆ ಯಾರು ನಾರ್ಮಲ್ ಎಂದರು? ಎಡಭಾಗವನ್ನಷ್ಟೇ ನೋಡಿದ್ದಾರೆ. ಅಲ್ಲಿ ನಾರ್ಮಲ್. ಕೆಳಗೆ ಕೊನೆಯ ಸಾಲು ನೋಡಿ. ತಿರುವಿನ ಆಚೆಗೆ ಕೊಳವೆ ಹೋಗಲಿಲ್ಲ, ಪರೀಕ್ಷೆ ಅಪೂರ್ಣ, ಉಳಿದ ಕರುಳನ್ನು ಬೇರೆ ವಿಧಾನದಿಂದ ಬೇಗ ನೋಡಿಸಬೇಕು ಎಂದು ಬರೆದಿದ್ದಾರೆ. ಅರ್ಧಕ್ಕಿಂತ ಹೆಚ್ಚು ಕರುಳನ್ನು ಯಾರೂ ನೋಡಿಯೇ ಇಲ್ಲ."

"ಆ ಸಾಲು ನಾ ನೋಡಿರಲೇ ಇಲ್ಲಕ್ಕಾ," ಎಂದ ಈರಣ್ಣ ತಟ್ಟನೆ, ಯಾರೂ ಕೇಳುವ ಮೊದಲೇ.

ಭೀಮವ್ವ ಅವನ ಮುಖ ನೋಡಿದಳು. ಕೊನೆಯ ಗೇಣನ್ನು ಬೆಳಕಿಗೆ ಹಿಡಿಯದೆ ಒಂದು ಥಾನನ್ನೂ ಒಳಗೆ ಬಿಟ್ಟುಕೊಳ್ಳದ ಮನುಷ್ಯ. ಅಕ್ಕನ ಕರುಳಿನ ಕಾಗದ ಒಂದೇ ಪುಟದ್ದು, ಅದರ ಕೊನೆಯ ಸಾಲು ಇವನ ಕಣ್ಣಿಗೆ ಬೀಳಲಿಲ್ಲವಂತೆ! ಅವನು ಓದಿದ್ದಾನೆ, ಓದಿಯೇ ಮಡಚಿದ್ದಾನೆ ಎಂದು ಅವಳಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಮೈಯಲ್ಲಿ ಪರರ ರಕ್ತ ಹರಿಯುತ್ತಿದ್ದರೂ ಸಿಟ್ಟು ಮಾತ್ರ ಅವಳ ಸ್ವಂತದ್ದೇ ಇತ್ತು. ಆದರೆ ಡಾಕ್ಟರ ಮುಂದೆ ಮನೆಯ ಮಾತು ಬೇಡವೆಂದು ನುಂಗಿಕೊಂಡಳು.

ನೀರಜಾ ಮುಂದಿನದನ್ನು ವಿವರಿಸಿದಳು. ಹಳೆಯ ಆಪರೇಷನ್ನುಗಳಿಂದ ಕರುಳು ಅಲ್ಲಲ್ಲಿ ಅಂಟಿಕೊಂಡು ಸುರುಳಿಯಾಗಿದೆ. ಮಾಮೂಲು ದುರ್ಬೀನನ್ನು ನೂಕಿದಷ್ಟೂ ಸುರುಳಿ ದೊಡ್ಡದಾಗುತ್ತದೆ, ತುದಿ ಮುಂದೆ ಹೋಗುವುದಿಲ್ಲ, ನೋವಷ್ಟೇ ಲಾಭ. ತನ್ನ ಹತ್ತಿರ ಇನ್ನೊಂದು ಥರದ್ದಿದೆ. ಉದ್ದನೆಯ ತೆಳು ಕೊಳವೆ, ಅದರ ಮೇಲೆ ತೋಳಿನ ಹಾಗೆ ಇನ್ನೊಂದು ಕೊಳವೆ, ಎರಡರ ತುದಿಗೂ ಸಣ್ಣ ಬಲೂನು. ಸಣ್ಣ ಕರುಳಿಗೆಂದು ಬಂದದ್ದು, ಇಂಥ ಹಟಮಾರಿ ದೊಡ್ಡ ಕರುಳಿಗೂ ಆಗುತ್ತದೆ.

"ಬಲೂನು!" ಈರಣ್ಣನಿಗೆ ದಾರಿ ಸಿಕ್ಕಿತು. ಮಗಳ ಕಡೆ ತಿರುಗಿ ನಕ್ಕ. "ಹೊಟ್ಟ್ಯಾಗ ಬಲೂನ ಕಟ್ಟಿ ಬರ್ತ್‌ಡೇ ಮಾಡ್ತಾರೇನ? ದೊಡ್ಡ ಆಸ್ಪತ್ರಿ ಅಂದ್ರ ಇಂಥಾವ ನೋಡು. ಬ್ಯಾಡಕ್ಕಾ, ನಮ್ಮ ಡಾಕ್ಟರನ್ನ ಕೇಳೂಣು, ಶಕ್ತಿ ಗುಳಿಗಿ ಬರದು ಕೊಡ್ತಾರ."

"ಈರಣ್ಣ, ನೀ ಹೊರಗ ಹೋಗಿ ಕೂಡು," ಎಂದಳು ಭೀಮವ್ವ.

"ಆಂ?"

"ಹೊರಗ. ಬೆಂಚಿನ ಮ್ಯಾಲ. ಹೊಟ್ಟಿ ನಂದು ಅದ."

ಈರಣ್ಣ ಸ್ನೇಹಲಳ ಮುಖ ನೋಡಿದ, ನೀರಜಾಳ ಮುಖ ನೋಡಿದ. ಯಾರೂ ಅವನಿಗೆ ಇಲ್ಲೇ ಇರು ಎನ್ನಲಿಲ್ಲ. ಎದ್ದು ಹೋದ.

"ಈಗ ಹೇಳಿ ಡಾಕ್ಟರಬಾಯಿ, ಆ ಬಲೂನು ಏನು ಮಾಡುತ್ತದೆ?" ಎಂದು ಭೀಮವ್ವ ತನ್ನ ಒಡಕು ಮರಾಠಿಯಲ್ಲಿ ಕೇಳಿದಳು. ನೀರಜಾ ಬೆರಳಿನಿಂದ ತೋರಿಸಿದಳು. ಬಲೂನು ಉಬ್ಬಿ ಕರುಳನ್ನು ಒಳಗಿನಿಂದ ಮೆತ್ತಗೆ ಹಿಡಿದುಕೊಳ್ಳುತ್ತದೆ. ಆಗ ಹಿಂದಕ್ಕೆ ಎಳೆದರೆ ಕರುಳು ನೆರಿಗೆ ನೆರಿಗೆಯಾಗಿ ಕೊಳವೆಯ ಮೇಲೆ ಕೂಡಿಕೊಂಡು ನೆಟ್ಟಗಾಗುತ್ತದೆ. ಅಲ್ಲಿಂದ ತುದಿಯನ್ನು ಮುಂದೆ ಬಿಡುವುದು. ಮತ್ತೆ ಹಿಡಿಯುವುದು, ಮತ್ತೆ ಎಳೆಯುವುದು.

ಭೀಮವ್ವ ಕೊನೆಯವರೆಗೂ ಕೇಳಿ ತುಟಿ ಓರೆ ಮಾಡಿದಳು. "ಪರಕಾರಕ್ಕೆ ಲಾಡಿ ಹಾಕಿದ ಹಾಗೆ. ಸೊಂಟದ ಮಡಿಕೆಯೊಳಗೆ ಪಿನ್ನು ಬಿಟ್ಟು ಸುಮ್ಮನೆ ನೂಕಿದರೆ ಹೋಗುತ್ತದೆಯೇ? ಬಟ್ಟೆಯನ್ನು ಹಿಂದಕ್ಕೆ ನೆರಿಗೆ ಹಿಡಿಯುತ್ತ ಪಿನ್ನನ್ನು ಮುಂದೆ ತರಬೇಕು. ಇಷ್ಟಕ್ಕೆ ನೀವು ಎಷ್ಟು ವರ್ಷ ಕಲಿತಿರಿ?"

"ಹದಿಮೂರು," ಎಂದಳು ನೀರಜಾ.

"ನನ್ನ ಹತ್ತಿರ ಬಂದಿದ್ದರೆ ಮಧ್ಯಾಹ್ನದೊಳಗೆ ಕಲಿಸುತ್ತಿದ್ದೆ," ಎಂದು ಭೀಮವ್ವ ಒಪ್ಪಿಗೆಯ ಕಾಗದಕ್ಕೆ ತಾನೇ ಹೆಬ್ಬೆಟ್ಟಿನ ಬದಲು ಸಹಿ ಹಾಕಿದಳು. ಅಕ್ಷರ ಸೊಟ್ಟಗಿದ್ದವು, ಆದರೆ ಪೂರ್ತಿ ಇದ್ದವು.

ಮಂಪರಿನ ಇಂಜೆಕ್ಷನ್ ಕೊಟ್ಟದ್ದು ಅವಳಿಗೆ ನೆನಪು. ಎಚ್ಚರವಾದಾಗ ನೀರಜಾ ಹಾಸಿಗೆಯ ಪಕ್ಕ ನಿಂತಿದ್ದಳು. ಕೊಳವೆ ಕೊನೆ ಮುಟ್ಟಿತ್ತು. ಬಲಗಡೆ, ದೊಡ್ಡ ಕರುಳು ಶುರುವಾಗುವ ಮೂಲೆಯಲ್ಲಿ, ದಪ್ಪ ಬೋರೆಹಣ್ಣಿನಷ್ಟು ಗಡ್ಡೆ ಸಿಕ್ಕಿತ್ತು. ರಕ್ತ ಜಿನುಗುತ್ತಿದ್ದದ್ದು ಅದರಿಂದಲೇ. ಅಲ್ಲೇ ತಂತಿಯ ಕುಣಿಕೆ ಹಾಕಿ ಬುಡಸಮೇತ ತೆಗೆದಿದ್ದಳು. ವಾರದ ಮೇಲೆ ಲ್ಯಾಬಿನಿಂದ ಉತ್ತರ ಬಂತು: ಗಡ್ಡೆಯ ತುದಿ ಕ್ಯಾನ್ಸರಿಗೆ ತಿರುಗಲು ಶುರುವಾಗಿತ್ತು, ಬುಡಕ್ಕೆ ಇಳಿದಿರಲಿಲ್ಲ. "ಇನ್ನೊಂದು ವರ್ಷ ಬಿಟ್ಟಿದ್ದರೆ ಇದು ನನ್ನ ಕೈಯಲ್ಲಿ ಇರುತ್ತಿರಲಿಲ್ಲ, ಹೊಟ್ಟೆ ಕೊಯ್ಯುವವರ ಕೈಗೆ ಹೋಗುತ್ತಿತ್ತು. ಅವರಿಗೂ ಆಗುತ್ತಿತ್ತೋ ಇಲ್ಲವೋ," ಎಂದಳು ನೀರಜಾ. ಭೀಮವ್ವ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಅದರ ಮೇಲೆ ಕೈ ಇಟ್ಟುಕೊಂಡಳು. ಅವಳಿಗೆ ಅಷ್ಟು ಭಯವಾದದ್ದು ಅಲ್ಲಿಯತನಕ ಎಂದೂ ಇಲ್ಲ, ಅದೂ ಎಲ್ಲ ಮುಗಿದ ಮೇಲೆ.

"ನಿಮಗೆ ಒಡಹುಟ್ಟಿದವರು ಎಷ್ಟು ಮಂದಿ?" ನೀರಜಾ ಕೇಳಿದಳು. "ಇಂಥ ಗಡ್ಡೆ ಒಬ್ಬರಿಗೆ ಬಂದರೆ ಉಳಿದವರೂ ಒಮ್ಮೆ ನೋಡಿಸಿಕೊಳ್ಳಬೇಕು."

"ಒಬ್ಬನೇ," ಎಂದಳು ಭೀಮವ್ವ. ಆ ತಿಂಗಳಲ್ಲಿ ಅವಳು ನಕ್ಕದ್ದು ಆಗಲೇ.

ಈರಣ್ಣ ಮೂರು ವಾರ ತಪ್ಪಿಸಿಕೊಂಡ. ಮಾಲು ಬರುವುದಿದೆ ಎಂದ, ಗೆಳೆಯರು ಲೋಣಾವಳಾಕ್ಕೆ ಹೋಗೋಣ ಅಂತಿದ್ದಾರೆ ಎಂದ, ತನಗೆ ಏನೂ ಆಗಿಲ್ಲ ಎಂದ. ಕೊನೆಗೆ ಸ್ನೇಹಲಳೇ ಮಾವನವರಿಂದ ಫೋನು ಮಾಡಿಸಿದಳು. ಸೋದರತ್ತೆಯ ಕಥೆಯನ್ನು ಅವಳೇ ಅವರಿಗೆ ಮೊದಲಿಂದ ಕೊನೆಯವರೆಗೆ ಹೇಳಿದ್ದಳು. ಬಸವಲಿಂಗಪ್ಪ ಹೇಳಿದ್ದು ಇಷ್ಟೇ: "ನಮ್ಮ ಅಪ್ಪಗೂ ಅದ ಆಗಿತ್ತರೀ ಈರಣ್ಣನವರ. ನಾನೂ ಎರಡ ಸಲ ನೋಡಿಸಿಕೊಂಡೇನಿ. ಹೋಗಿ ಬರ್ರಿ." ಈರಣ್ಣ ಯಾರಿಗೆ ಹೆದರಿ ಹದಿನಾಲ್ಕು ತಿಂಗಳು ಬಾಯಿ ಮುಚ್ಚಿದ್ದನೋ ಆ ಮನುಷ್ಯನೇ ಹೀಗೆ ಹೇಳಿದ.

ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ತೊಳೆಯುವ ಜುಲಾಬಿನ ನೀರು ಕುಡಿಯಬೇಕಿತ್ತು. ದೊಡ್ಡ ತಂಬಿಗೆಯನ್ನೂ ಲೋಟವನ್ನೂ ಇಟ್ಟುಕೊಂಡು ಭೀಮವ್ವ ಅವನ ಎದುರಿಗೇ ಕೂತಳು. ಎರಡನೆಯ ಲೋಟಕ್ಕೆ ಅವನ ಮುಖ ಹಿಂಡಿದ ನಿಂಬೆಯಾಯಿತು.

"ಸಾಕಕ್ಕಾ. ಅರ್ಧಾ ಕುಡದೀನಲ್ಲ."

"ಅರ್ಧಾ ನಡೀತದ ಅಂತ ನಿನಗ ಅನಸ್ತದ. ಅರ್ಧಕ್ಕ ನಿಂತ್ರ ಏನಾಗ್ತದ ಅಂತ ನನಗ ಗೊತ್ತದ. ಕುಡಿ."

ಮೂರನೆಯ ಲೋಟ ಕೈಯಲ್ಲಿ ಹಿಡಿದು ಅವನು ನೆಲ ನೋಡಿದ. "ನಾ ಓದಿದ್ದೆ," ಎಂದ. "ಆ ಡಾಕ್ಟರು ಬಾಯಿಲೆನೂ ಹೇಳಿದ್ರು. ಆದ್ರ ಅವಾಗ ಬೀಗರು ಬರೋರಿದ್ರು. ಮನಿತನದಾಗ ಏನರೆ ಅದ ಅಂತ ಹೊರಗ ಬಿದ್ದಿದ್ರ..."

"ಬಿದ್ದಿದ್ರ ಲಗ್ನ ಮುರೀತಿತ್ತು. ತಿಳೀತು. ನನ್ನ ಒಂದ ಮಾತು ಕೇಳಿದ್ರ ಏನಾಗ್ತಿತ್ತೋ? ನಾನ ಬಾಯಿ ಹೊಲಕೊಂಡು ಕೂಡ್ತಿದ್ದೆ. ಸ್ನೇಹಲ್ ನನಗೇನ ಹೊರಗಿನಕಿಯೇನ? ಫೆಬ್ರವರಿ ತನಕಾ ತಡೀತಿದ್ದೆ, ಮದುವಿ ಮರುದಿನಾ ಹೋಗ್ತಿದ್ದೆ." ಅವಳ ದನಿ ಏರಿತು. "ಅದೂ ಇರ್ಲಿ. ಮದುವಿ ಆತು. ಆಮ್ಯಾಲ? ಹನ್ನೊಂದು ತಿಂಗಳು?"

ಈರಣ್ಣ ಮೂರನೆಯ ಲೋಟವನ್ನು ಒಂದೇ ಗುಟುಕಿಗೆ ಕುಡಿದಿಟ್ಟ. "ಆಮ್ಯಾಲ ಹೇಳಾಕ ಮಾರಿ ಉಳೀಲಿಲ್ಲಕ್ಕಾ."

ಹೇಡಿ, ಎಂದುಕೊಂಡಳು ಭೀಮವ್ವ. ಕೆಟ್ಟವನಾಗಿದ್ದರೆ ಒದ್ದು ಓಡಿಸಬಹುದಿತ್ತು. ಬರೀ ಹೇಡಿಯನ್ನು, ಅದೂ ಒಡಹುಟ್ಟಿದ ಹೇಡಿಯನ್ನು, ಏನು ಮಾಡುವುದು? ನಾಲ್ಕನೆಯ ಲೋಟ ತುಂಬಿಸಿ ಅವನ ಕೈಗೆ ಕೊಟ್ಟಳು.

ಅವನ ಕರುಳು ಅವನಷ್ಟು ಸುತ್ತಿ ಬಳಸಿ ಹೋಗುವುದಾಗಿರಲಿಲ್ಲ. ಮಾಮೂಲು ದುರ್ಬೀನೇ ಕಾಲು ತಾಸಿನಲ್ಲಿ ಕೊನೆ ಮುಟ್ಟಿ ಬಂತು, ಬಲೂನಿನ ಗೌರವ ಅವನಿಗೆ ಸಿಗಲಿಲ್ಲ. ನೀರಜಾ ವರದಿಯನ್ನು ಭೀಮವ್ವನಿಗೆ ಓದಿ ಹೇಳಿ, ಲಕೋಟೆಗೆ ಹಾಕಿ ಅವಳ ಕೈಯಲ್ಲೇ ಕೊಟ್ಟಳು. ಮಂಪರು ಇಳಿದ ಈರಣ್ಣನನ್ನು ರಿಕ್ಷಾದಲ್ಲಿ ಕೂಡಿಸಿಕೊಂಡು ಭೀಮವ್ವ ಹೊರಟಳು. ಅವನ ಚಷ್ಮಾ ಅವಳ ಚೀಲದಲ್ಲಿತ್ತು.

"ಏನ್ ಬರದಾರಕ್ಕಾ?"

"ನಾರ್ಮಲ್."

"ಎಲ್ಲಾ?"

"ಐದು ಕಡೆ ಬರದಾರ."

"ಮತ್ತ ಕಡೀಕ? ಕಡೀ ಸಾಲಿನ್ಯಾಗ ಏನದ?"

ಭೀಮವ್ವ ಹೊರಗೆ ನೋಡಿದಳು. ಈ ಕಾಗದವನ್ನೂ ಮಡಚಿ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ನಾಳೆಯತನಕ ಇವನನ್ನು ಕಾಯಿಸಬೇಕೆಂದು ಅವಳು ಬೆಳಿಗ್ಗೆಯೇ ನಿಶ್ಚಯಿಸಿದ್ದಳು. ಹದಿನಾಲ್ಕು ತಿಂಗಳಿಗೆ ಒಂದು ದಿನ ಹೆಚ್ಚೇನೂ ಅಲ್ಲ. ಸ್ವಾರಗೇಟಿನಲ್ಲಿ ರಿಕ್ಷಾ ಬಸ್ಸುಗಳ ನಡುವೆ ಸಿಕ್ಕಿಕೊಂಡು ನಿಂತಿತು. ಈರಣ್ಣ ಅವಳ ಮಡಿಲಲ್ಲಿದ್ದ ಲಕೋಟೆಯನ್ನೇ ನೋಡುತ್ತಿದ್ದ, ತುಟಿ ಒಣಗಿತ್ತು, ಕಸಿದುಕೊಳ್ಳುವ ಧೈರ್ಯ ಇರಲಿಲ್ಲ. ಕರುಳಿನ ಚಿತ್ರದ ಮುಂದೆ ಕೂತಾಗ ತನ್ನ ಮುಖವೂ ಹೀಗೇ ಇದ್ದಿರಬೇಕು ಎಂದು ಭೀಮವ್ವನಿಗೆ ಅನಿಸಿತು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇಂಥವನಿಗೆ ಇಂಥದನ್ನು ಮಾಡುವುದಕ್ಕೂ ಒಂದು ಕಲ್ಲೆದೆ ಬೇಕು, ಅದು ತನಗಿಲ್ಲ.

"ತಗೋ," ಎಂದು ಲಕೋಟೆಯನ್ನೂ ಚಷ್ಮಾವನ್ನೂ ಅವನ ಮಡಿಲಿಗೆ ಎಸೆದಳು. ಅವನು ಮೇಲಿಂದ ಶುರುಮಾಡಿದ. ಅವಳು ಕಾಗದದ ಕೆಳಗೆ ಬೆರಳಿಟ್ಟಳು. "ಇಲ್ಲಿಂದ ಓದು. ಕನ್ನಡದಾಗ ಓದು."

"ಕಡೀತನಕಾ ನೋಡೇವಿ," ಎಂದು ಓದಿದ ಈರಣ್ಣ. "ಎಲ್ಲೂ ಏನೂ ಇಲ್ಲ." ಚಷ್ಮಾ ತೆಗೆದು ಕಣ್ಣೊರೆಸಿಕೊಂಡ.

"ಚಷ್ಮಾ ಹಾಕ್ಕೊ. ಇನ್ನೂ ಮುಗದಿಲ್ಲ." ಭೀಮವ್ವ ಚೀಲದೊಳಗಿಂದ ಇನ್ನೊಂದು ಕಾಗದ ತೆಗೆದಳು. ನಾಲ್ಕು ಮಡಿಕೆಯದು, ವಿಭೂತಿಯ ಕಲೆ, ದಾಸವಾಳದ ಕಂದು ಗುರುತು. "ಈಗ ನಂದು ಓದು."

ಈರಣ್ಣ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದ. ಆಮೇಲೆ ಕೊನೆಯ ಸಾಲನ್ನು ಓದಿದ. ಅಷ್ಟರಲ್ಲಿ ಮುಂದಿನ ಬಸ್ಸು ಹೊರಟಿತು, ಹಾರ್ನುಗಳ ಗದ್ದಲದಲ್ಲಿ ಅವನ ದನಿ ಮುಳುಗಿತು.

"ಕೇಳಸಲಿಲ್ಲ," ಎಂದಳು ಭೀಮವ್ವ.

ಅವನು ಮತ್ತೊಮ್ಮೆ ಓದಿದ.